ಎಂಟರ ಮುಂದಿನ ಜಾಗ

ನನ್ನ ಸಿದ್ರಾಮಪ್ಪ ಮಾಸ್ತರರಿಗೆ, ನಿಲಂಗಾದ ಬಟ್ಟೆ ಅಂಗಡಿಯ ಮಾದೇವಿಯ ಶರಣು ಶರಣಾರ್ಥಿ.

ನೀವು ಹೋಗಿ ವರ್ಷ ತುಂಬಿತು. ಇಷ್ಟು ದಿನ ಒಂದು ಅಕ್ಷರ ಬರೆಯದವಳು ಇವತ್ತು ಯಾಕೆ ಕೂತಳು ಅಂತ ಕೇಳುತ್ತೀರಿ. ಬರೆಯಲು ಏನೂ ಇರಲಿಲ್ಲ ಮಾಸ್ತರ. ಅಳು ಒಂದಿತ್ತು, ಅಳುವನ್ನು ಬರೆಯುವುದು ನನಗೆ ಬರುವುದಿಲ್ಲ. ಈಗ ಒಂದು ಸುದ್ದಿ ಇದೆ. ಮುರುಮ ಊರಿನಲ್ಲಿ ಜೋಳದ ಚೀಲದ ಮೇಲೆ ಕೂತು ನೀವು ನನ್ನನ್ನು ಒಂದು ಮಾತು ಕೇಳಿದಿರಲ್ಲ, ಅದರ ಉತ್ತರ ನಿನ್ನೆ ಉದಗೀರದಲ್ಲಿ ಸಿಕ್ಕಿತು. ನಮಗೆ ಲೆಕ್ಕ ಸರಿ ಕಲಿಸಿದಿರೋ, ತಪ್ಪು ಕಲಿಸಿದಿರೋ ಎಂಬ ಅನುಮಾನವನ್ನು ಹೊಟ್ಟೆಯಲ್ಲಿಟ್ಟುಕೊಂಡೇ ಹೋಗಿಬಿಟ್ಟಿರಿ. ಇನ್ನೊಂದು ವರ್ಷ ಇದ್ದಿದ್ದರೆ ಏನಾಗುತ್ತಿತ್ತು? ನಿಮ್ಮ ಮೇಲೂ ನನಗೆ ಸಿಟ್ಟಿದೆ, ಮೊದಲೇ ಹೇಳಿಬಿಡುತ್ತೇನೆ.

ಕನ್ನಡದಲ್ಲೇ ಬರೆಯುತ್ತಿದ್ದೇನೆ. ಶಾಲೆ ಬಿಟ್ಟ ಮೇಲೆ ಮಠದ ಪಡಸಾಲೆಯಲ್ಲಿ ಕೂರಿಸಿಕೊಂಡು ಈ ಅಕ್ಷರ ತಿದ್ದಿಸಿದವರು ನೀವೇ. ಇಲ್ಲಿ ಉದಗೀರದ ಮಾಸ್ತರಿಕೆಯ ಟ್ರೇನಿಂಗ್ ಶಾಲೆಯಲ್ಲಿ ಎಲ್ಲ ಮರಾಠಿ. ಈಗ ಮಹಾರಾಷ್ಟ್ರ ಎಂದು ಹೊಸ ರಾಜ್ಯವೇ ಆಗಿದೆ, ಬಾಗಿಲ ಮೇಲಿನ ಹಲಗೆಗೆ ಹೊಸ ಬಣ್ಣ ಬಂದಿದೆ. ಕನ್ನಡ ಬರೆದು ಬಹಳ ದಿನವಾಯಿತು. ಒತ್ತಕ್ಷರ ಎಲ್ಲಾದರೂ ತಪ್ಪಿದ್ದರೆ ನಗಬೇಡಿ.

ಪೊಲೀಸ್ ಆ್ಯಕ್ಷನ್ ಆಗಿ, ನಿಜಾಮರ ಆಳ್ವಿಕೆ ಮುಗಿದು ನಮ್ಮ ಶಾಲೆ ಮತ್ತೆ ತೆರೆದ ಮೊದಲ ವಾರ ನೆನಪಿದೆಯೇ? ಉರ್ದು ಹಲಗೆ ಇಳಿಸಿದ್ದರು, ಗೋಡೆಯಲ್ಲಿ ಮೊಳೆ ಮಾತ್ರ ಉಳಿದಿತ್ತು. ಇನ್ನು ಮುಂದೆ ಪಾಠವೆಲ್ಲ ಮರಾಠಿಯಲ್ಲಿ ಎಂದು ಮೇಲಿನಿಂದ ಹುಕುಂ ಬಂದಿತ್ತು. ನೀವು ಶಿರೂರ ಅನಂತಪಾಳದ ಕಡೆಯ ಒಕ್ಕಲುತನದ ಮನೆಯವರು. ಮನೆಯ ಮಾತು ಕನ್ನಡ, ಬಜಾರಿನ ಮಾತು ಮರಾಠಿ, ಆದರೆ ನಿಜಾಮರ ಕಾಲದಲ್ಲಿ ಓದಿದ್ದು ಪೂರ್ತಿ ಉರ್ದುವಿನಲ್ಲಿ. ಮಗ್ಗಿಯೂ ಉರ್ದು, ಭಾಗಾಕಾರವೂ ಉರ್ದು. ಹಲಗೆಯ ಮೇಲೆ ಹತ್ತು ಬರೆಯಲು ಹೋಗಿ ಸೊನ್ನೆಯ ಜಾಗದಲ್ಲಿ ಅಭ್ಯಾಸಬಲದಿಂದ ಉರ್ದುವಿನವರ ಹಾಗೆ ಬರೀ ಚುಕ್ಕಿ ಇಟ್ಟಿರಿ. ಅದನ್ನು ನಾವು ಒಂದು ಅಂತ ಓದಿ ಹೊಟ್ಟೆ ಹಿಡಿದುಕೊಂಡು ನಕ್ಕೆವು. ನೀವೂ ನಕ್ಕಿರಿ. ಆಮೇಲೆ ಸೀಮೆಸುಣ್ಣ ಕಿಸೆಗೆ ಹಾಕಿಕೊಂಡು, ಅಂಕಿ ಕಲಿಯುವುದು ಇಬ್ಬರಿಗೂ ಬಾಕಿ ಇದೆ, ಅಲ್ಲಿಯವರೆಗೆ ಅಂಕಿಯಿಲ್ಲದೆ ಲೆಕ್ಕ ಮಾಡೋಣ ಎಂದು ಹುಣಸೆ ಬೀಜ ತರಲು ಹೇಳಿದಿರಿ.

ಮುಂದಿನ ಮಿರಗದ ಮಳೆಗೆ ಬಿತ್ತಿದ ಬೆಳೆ ಗೇಣುದ್ದ ಎದ್ದಾಗ ನಮ್ಮನ್ನೆಲ್ಲ ಊರ ಹೊರಗಿನ ಹೊಲದ ಬದುವಿಗೆ ಕರೆದುಕೊಂಡು ಹೋದಿರಿ. ನಾಲ್ಕು ಸಾಲು ಜೋಳ, ಐದನೆಯದು ತೊಗರಿ. ಮತ್ತೆ ನಾಲ್ಕು ಜೋಳ, ಹತ್ತನೆಯದು ತೊಗರಿ. ನಮ್ಮನ್ನು ಹೊಲಕ್ಕೆ ಬೆನ್ನು ಮಾಡಿ ನಿಲ್ಲಿಸಿ, ನೋಡದೆ ಹೇಳಿರಿ, ಮುಂದಿನ ತೊಗರಿ ಎಷ್ಟನೆಯ ಸಾಲಿಗೆ ಬರುತ್ತದೆ ಅಂದಿರಿ. ಎಲ್ಲರೂ ಹದಿನೈದು ಎಂದು ಕೂಗಿದೆವು. ಒಬ್ಬ ಹುಡುಗ ಮಾತ್ರ ಹದಿನೆಂಟು ಎಂದು ಹಟ ಹಿಡಿದ. ಬೇರೆ ಮಾಸ್ತರರಾಗಿದ್ದರೆ ಕಿವಿ ಹಿಂಡುತ್ತಿದ್ದರು. ನೀವು ಅವನ ಮುಂದೆ ಕುಕ್ಕರುಗಾಲಲ್ಲಿ ಕೂತು ಕೇಳಿದಿರಿ.

"ಇದು ಯಾರ ಹೊಲದ ಸಾಲಪ್ಪಾ?"

"ನಮ್ಮ ಹೊಲದ್ದು ರೀ," ಅಂದ ಅವನು. ಅವರ ಮನೆಯಲ್ಲಿ ಎಂಟು ಸಾಲು ಜೋಳ ಬಿಟ್ಟು ಒಂಬತ್ತನೆಯದು ತೊಗರಿ ಹಾಕುತ್ತಾರಂತೆ. ಒಂಬತ್ತು, ಅದರ ಮುಂದೆ ಹದಿನೆಂಟು. ಮರುದಿನ ನೀವು ಇಡೀ ತರಗತಿಯನ್ನು ಕೆಸರಿನಲ್ಲಿ ನಡೆಸಿಕೊಂಡು ಅವರ ಹೊಲಕ್ಕೇ ಹೋದಿರಿ. ಎಣಿಸಿದೆವು. ಅವನು ಹೇಳಿದ್ದು ಅಲ್ಲಿ ನಿಜವಿತ್ತು. ಮನೆಗೆ ಬಂದ ಮೇಲೆ ಕೆಸರಾದ ಲಂಗ ನೋಡಿ ಅವ್ವ ನನಗೂ ಬೈದಳು, ನಿಮಗೂ ಬೈದಳು.

ಅಂದಿನಿಂದ ಅದೇ ನಿಮ್ಮ ಪದ್ಧತಿ ಆಯಿತು. ಮೂರು ಸಂಖ್ಯೆ ಬರೆದು ನಾಲ್ಕನೆಯ ಜಾಗ ಖಾಲಿ ಬಿಡುತ್ತಿದ್ದಿರಿ. ಯಾರಾದರೂ ಬೇರೆ ಉತ್ತರ ಕೊಟ್ಟರೆ ಅದನ್ನು ಒರೆಸುತ್ತಿರಲಿಲ್ಲ. ಯಾರ ಹೊಲದ ಸಾಲು ಅಂತ ಕೇಳಿ, ಅವರ ಕೈಗೆ ಸೀಮೆಸುಣ್ಣ ಕೊಟ್ಟು, "ಇನ್ನ ಎರಡ ಹೆಜ್ಜಿ ಮುಂದ ನಡಿಸಿ ತೋರ್ಸು" ಅನ್ನುತ್ತಿದ್ದಿರಿ. ನಡೆಸಲು ಬಂದರೆ ಆ ಸಾಲು ಹಲಗೆಯ ಮೇಲೆ ಉಳಿಯುತ್ತಿತ್ತು. ಬರದಿದ್ದರೆ ಅವರೇ ಒರೆಸಿ ಬಂದು ಕೂರಬೇಕು. ಎಷ್ಟು ಸಲ ನಾನು ಉಬ್ಬಿಕೊಂಡು ಹೋಗಿ, ಎರಡನೆಯ ಹೆಜ್ಜೆಗೆ ಸಿಕ್ಕಿಹಾಕಿಕೊಂಡು, ನನ್ನ ಉತ್ತರವನ್ನು ನಾನೇ ಒರೆಸಿ ಬಂದಿಲ್ಲ! ನೀವು ಆಗೆಲ್ಲ ಕಿಟಕಿಯ ಆಚೆ ನೋಡುತ್ತಿದ್ದಿರಿ. ನನಗೆ ನಾಚಿಕೆಯಾಗಬಾರದು ಅಂತ ಹಾಗೆ ನೋಡುತ್ತಿದ್ದಿರಿ ಎನ್ನುವುದು ಈಗ ನಾನೇ ಪಾಠ ಹೇಳಲು ನಿಂತಾಗ ತಿಳಿಯುತ್ತಿದೆ.

ನಾನು ನಾಲ್ಕನೆಯ ಇಯತ್ತೆಗೆ ಬಂದ ವರ್ಷ ತಪಾಸಣೆಗೆ ಸಾಹೇಬರು ಬಂದರು. ಹಿಂದಿನ ದಿನ ನಾವು ಹುಡುಗಿಯರು ಶಾಲೆಯ ನೆಲ ಸಾರಿಸಿದ್ದೆವು. ನೀವು ಒಗೆದ ಧೋತರ ಉಟ್ಟು, ಹಣೆಗೆ ವಿಭೂತಿ ಎಂದಿಗಿಂತ ಹೆಚ್ಚೇ ಹಚ್ಚಿಕೊಂಡು ಬಂದಿದ್ದಿರಿ. ಓದಿಸಿದರು, ಆಯಿತು. ಕವಿತೆ ಹೇಳಿಸಿದರು, ಆಯಿತು. ಆಮೇಲೆ ಸಾಹೇಬರು ತಾವೇ ಹಲಗೆಯ ಮೇಲೆ ಎರಡು, ನಾಲ್ಕು, ಎಂಟು ಎಂದು ಬರೆದು ಮುಂದಿನದು ಹೇಳಿ ಅಂದರು. ನನಗೆ ತಡೆಯುವುದು ಯಾವಾಗ ಗೊತ್ತಿತ್ತು? ಎದ್ದು ಮರಾಠಿಯಲ್ಲಿ "ಚೌದಾ" ಅಂದೆ, ಹದಿನಾಲ್ಕು. ಸಾಹೇಬರು ನಕ್ಕರು. ಒಂದೊಂದೂ ಹಿಂದಿನದರ ಎರಡರಷ್ಟು ಆಗುತ್ತಿರುವುದು ಕಾಣುವುದಿಲ್ಲವೇ, ಹದಿನಾರು ಬರಬೇಕು, ಕೂತುಕೋ ಅಂದರು.

ಅಷ್ಟಕ್ಕೇ ಮುಗಿದುಹೋಗುತ್ತಿತ್ತು. ನೀವು ಸುಮ್ಮನೆ ಇರಬಹುದಿತ್ತು ಮಾಸ್ತರ. ಹೌದು ಸಾಹೇಬ, ಹುಡುಗಿ ಅವಸರದವಳು ಅಂದಿದ್ದರೆ ಇವತ್ತಿಗೂ ನೀವು ಅದೇ ಶಾಲೆಯಲ್ಲಿ ಇರುತ್ತಿದ್ದಿರಿ. ಆದರೆ ಅವರು ನನ್ನ ಉತ್ತರವನ್ನು ಯಾರ ಹೊಲದ್ದು ಅಂತ ಕೇಳಲೇ ಇಲ್ಲ. ನಿಮಗೆ ಅದನ್ನು ತಡೆದುಕೊಳ್ಳಲು ಆಗಲಿಲ್ಲ. ಎದ್ದು ಹಲಗೆಯ ಹತ್ತಿರ ಹೋದಿರಿ. ಎರಡರಿಂದ ನಾಲ್ಕಕ್ಕೆ ಎರಡು ಹೆಚ್ಚು, ನಾಲ್ಕರಿಂದ ಎಂಟಕ್ಕೆ ನಾಲ್ಕು ಹೆಚ್ಚು, ಮುಂದೆ ಆರು ಹೆಚ್ಚಾದರೆ ಹದಿನಾಲ್ಕು ಬರುತ್ತದೆ ಎಂದು ಮರಾಠಿಯಲ್ಲಿ ಹೇಳಲು ಹೊರಟಿರಿ. ಅರ್ಧಕ್ಕೆ ಮಾತು ಸಿಗಲಿಲ್ಲ. ಕೈ ಗಾಳಿಯಲ್ಲಿ ನಿಂತಿತು. ಆಮೇಲೆ ನಿಮ್ಮ ಬಾಯಿಂದ ನೀವು ಲೆಕ್ಕ ಕಲಿತ ಭಾಷೆಯೇ ಬಂತು.

"ಜನಾಬ, ಯೇ ಭೀ ಸಹೀ ಹೈ."

ಇದೂ ಸರಿ ಇದೆ ಅಂತ ಹೇಳಿದಿರಿ, ಅಷ್ಟೇ. ಆದರೆ ಉರ್ದುವಿನಲ್ಲಿ ಹೇಳಿದಿರಿ. ಒಮ್ಮೆ ಶುರುವಾದದ್ದು ನಿಲ್ಲಲಿಲ್ಲ, ದೋ, ಚಾರ, ಛೇ ಎಂದು ಲೆಕ್ಕವೆಲ್ಲ ಅದರಲ್ಲೇ ಸರಾಗವಾಗಿ ಬಂತು. ಆ ದಿನಗಳಲ್ಲಿ ಹೊಸ ಸರಕಾರದ ಸಾಹೇಬರ ಮುಂದೆ ಉರ್ದು ಆಡುವುದೆಂದರೆ ಏನು ಅಂತ ಸಣ್ಣವಳಾದ ನನಗೂ ಗೊತ್ತಿತ್ತು. ನಿಜಾಮರ ಕಡೆಯ ರಜಾಕಾರರು ಮಾಡಿದ ಗಾಯ ಇನ್ನೂ ಹಸಿಯಾಗಿತ್ತು. ಸಾಹೇಬರ ಮುಖ ಕಪ್ಪಾಯಿತು. ನಾನು ಮತ್ತೆ ಎದ್ದು ಅದನ್ನೇ ಮರಾಠಿಯಲ್ಲಿ ಹೇಳಿದೆ, ಎರಡು, ನಾಲ್ಕು, ಆರು ಹೆಚ್ಚುತ್ತಾ ಹೋಗುತ್ತದೆ ರೀ ಸಾಹೇಬ ಅಂದೆ. ಅವರು ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಸೀಮೆಸುಣ್ಣ ಮೇಜಿನ ಮೇಲೆ ಇಟ್ಟು ಹೋದರು.

ಕೆಲವು ವಾರಗಳ ಮೇಲೆ ಹುಕುಂ ಬಂತು. ಈ ಮಾಸ್ತರರಿಗೆ ಗಣಿತ ಬರುವುದಿಲ್ಲ, ಮಕ್ಕಳ ತಪ್ಪನ್ನು ತಿದ್ದುವುದಿಲ್ಲ, ತರಗತಿಯಲ್ಲಿ ಹಳೆಯ ಭಾಷೆ ನಡೆಸುತ್ತಾರೆ, ಆದ್ದರಿಂದ ಕೆಲಸದಿಂದ ತೆಗೆಯಲಾಗಿದೆ. ನನ್ನ ಅಪ್ಪ ಅಂಗಡಿ ಮುಚ್ಚಿ, ಇನ್ನೂ ಕೆಲವರನ್ನು ಕಟ್ಟಿಕೊಂಡು ಬೀದರಿನ ಕಚೇರಿಗೆ ಹೋಗಿ ಬಂದರು. ಏನೂ ಆಗಲಿಲ್ಲ. ಅದಕ್ಕಿಂತ ಕೆಟ್ಟದ್ದು ಬಜಾರಿನಲ್ಲಿ ಆಯಿತು. ಸಿದ್ರಾಮಪ್ಪ ಲೆಕ್ಕದಲ್ಲಿ ಕಚ್ಚಾ ಇದ್ದನಂತೆ ಎಂದು ಜನ ಆಡಿಕೊಂಡರು. ಯಾರ ಮಕ್ಕಳನ್ನು ಹೊಲ ಹೊಲ ತಿರುಗಿಸಿ ಲೆಕ್ಕ ಕಲಿಸಿದಿರೋ ಆ ಜನವೇ ಆಡಿಕೊಂಡರು. ನೀವು ಗಾಡಿಯಲ್ಲಿ ಸಾಮಾನು ಹೇರಿ ನಿಮ್ಮ ಮನೆಯವರಾದ ನೀಲಮ್ಮ ಕಾಕುವನ್ನು ಕರೆದುಕೊಂಡು ಮುರುಮಕ್ಕೆ ಹೊರಟ ದಿನ ನಾನು ಅಂಗಡಿಯ ಕಟ್ಟೆಯ ಮೇಲೆ ನಿಂತಿದ್ದೆ. ನೀವು ಕೈ ಎತ್ತಿದಿರಿ. ಶಾಲೆಗೆ ಹೋಗುವುದನ್ನು ಬಿಡಬೇಡ ಅಂದಿರಿ. ನಾನು ಸಿಟ್ಟಿಗೆ ಅಂಗಡಿಯ ಒಳಗೆ ಹೋಗಿಬಿಟ್ಟೆ.

ಮದುವೆಯಾಗಿ ಉಮರ್ಗಾಕ್ಕೆ ಬಂದ ಮೇಲೆ ಮುರುಮ ನನಗೆ ಹತ್ತಿರವಾಯಿತು. ಹೊಸದರಲ್ಲಿ ಒಮ್ಮೆ ನನ್ನ ಯಜಮಾನರ ಜೊತೆ ನಿಮ್ಮನ್ನು ಹುಡುಕಿಕೊಂಡು ಬಂದೆ. ಕಾಳಿನ ಅಡತಿ ಅಂಗಡಿಯಲ್ಲಿ ತೂಕ ಮಾಡಲು ನಿಂತಿದ್ದಿರಿ. ಟೋಪಿಯ ಮೇಲೆ, ಹುಬ್ಬಿನ ಮೇಲೆ ಜೋಳದ ಧೂಳು. ನನ್ನ ಗುರುತು ಸಿಕ್ಕ ಮೇಲೆ ಚೀಲದ ಮೇಲೆ ಧೂಳು ಕೊಡವಿ ನಮ್ಮನ್ನು ಕೂರಿಸಿದಿರಿ. ಯಜಮಾನರಿಗೆ ಚಹಾ ತರಿಸಿದಿರಿ. ಈ ಹುಡುಗಿಗೆ ಸಿಟ್ಟು ಜಾಸ್ತಿ, ಸಂಭಾಳಿಸಿಕೊಂಡು ಹೋಗಿ ಎಂದು ಅವರಿಗೆ ಹೇಳಿದಿರಿ. ಅವರು ಈಗಾಗಲೇ ತಿಳಿದಿದೆ ರೀ ಅಂದರು. ನಾವು ಮೂವರೂ ನಕ್ಕೆವು.

ನಾನು ಟ್ರೇನಿಂಗಿಗೆ ಹೋಗಬೇಕೆಂದಿದ್ದೇನೆ, ಮಾಸ್ತರಿಕೆ ಮಾಡುತ್ತೇನೆ ಅಂದೆ. ನೀವು ಸಂತೋಷ ಪಡುತ್ತೀರಿ ಅಂದುಕೊಂಡಿದ್ದೆ. ನೀವು ಚೀಲದ ಬಾಯಿಯ ಹುರಿ ಹೊಸೆಯುತ್ತಾ ಕೂತಿರಿ. ಆಮೇಲೆ ತಲೆ ಎತ್ತದೆ ಕೇಳಿದಿರಿ.

"ತಂಗೀ, ಖರೇ ಹೇಳು. ನಾ ನಿಮಗ ತಪ್ಪ ಕಲಿಸಿದ್ನೇನು?"

ಇಲ್ಲ ಅಂದೆ, ಜೋರಾಗಿಯೇ ಅಂದೆ, ಪಕ್ಕದ ಹಮಾಲರು ತಿರುಗಿ ನೋಡಿದರು. ನೀವು ತಲೆ ಅಲ್ಲಾಡಿಸಿದಿರಿ. ಪರೀಕ್ಷೆಯ ಕಾಗದದ ಮೇಲೆ ಯಾರ ಹೊಲ ಅಂತ ಯಾರೂ ಕೇಳುವುದಿಲ್ಲ, ಒಂದೇ ಉತ್ತರಕ್ಕೆ ಗುರುತು ಹಾಕುತ್ತಾರೆ, ನನ್ನ ಹುಡುಗರು ಎಲ್ಲೆಲ್ಲಿ ಪೆಟ್ಟು ತಿಂದರೋ ಅಂದಿರಿ. ಸಾಹೇಬರು ಓದಿದವರು, ಅವರು ಬರೆದದ್ದು ನಿಜವೇ ಇರಬಹುದು ಅಂದಿರಿ. ನಾನು ಮತ್ತೆ ಇಲ್ಲ ಎಂದು ವಾದಕ್ಕೆ ನಿಂತೆ. ಆಗ ನೀವು ಹೇಳಿದ್ದು ನನ್ನ ಕಿವಿಯಲ್ಲಿ ಹಾಗೇ ಇದೆ.

"ನೀ ನನ್ನ ಮ್ಯಾಲಿನ ಪ್ರೀತಿಗೆ ಅಂತಿ ಬೇ. ಲೆಕ್ಕದಾಗ ಪ್ರೀತಿ ನಡಿಯಂಗಿಲ್ಲ."

ಆ ದಿನ ನನ್ನಲ್ಲಿ ಪ್ರೀತಿ ಬಿಟ್ಟರೆ ಬೇರೆ ಸಾಕ್ಷಿ ಏನಿತ್ತು? ನಾನು ಹೇಳಿದ್ದನ್ನು ಲೆಕ್ಕ ಬಲ್ಲವರು ಯಾರಾದರೂ ಹೇಳಿದ್ದರೆ ಮಾತ್ರ ನೀವು...

ನೀವು ಜ್ವರ ಬಂದು ಮಲಗಿದ್ದು ನನಗೆ ಗೊತ್ತಾಗಲೇ ಇಲ್ಲ. ಮಣ್ಣು ಆದ ಮೇಲೆ ಮುರುಮದ ವ್ಯಾಪಾರಿಯೊಬ್ಬರು ಉಮರ್ಗಾದ ನಮ್ಮ ಅಂಗಡಿಗೆ ಬಂದು ಸಹಜ ಮಾತಿನ ನಡುವೆ ಹೇಳಿದರು. ಓಡಿ ಬಂದೆ. ನೀಲಮ್ಮ ಕಾಕು ಗೋಡೆಗೆ ಒರಗಿ ಕೂತಿದ್ದರು. ಜ್ವರ ಏರಿದಾಗಲೆಲ್ಲ ನೀವು "ದೋ, ಚಾರ, ಆಠ" ಅನ್ನುತ್ತಿದ್ದಿರಂತೆ. ಎಂಟಕ್ಕೆ ಬಂದು ನಿಂತುಬಿಡುತ್ತಿದ್ದಿರಂತೆ. ಮತ್ತೆ ಮೊದಲಿನಿಂದ. ಕಾಕು ನನ್ನ ಕೈ ಹಿಡಿದುಕೊಂಡು ಕೇಳಿದರು.

"ಮಾದೇವೀ, ನೀ ಶಾಣ್ಯಾಕಿ. ಎಂಟರ ಮುಂದ ಏನ ಬರ್ತದ ಯವ್ವಾ? ನನಗ ಗೊತ್ತಿದ್ದರ ಅವ್ರಿಗೆ ಹೇಳ್ತಿದ್ದೆ."

ಯಾವುದನ್ನು ಹೇಳಬೇಕಿತ್ತು? ಯಾವುದನ್ನು ಹುಡುಕುತ್ತಿದ್ದಿರಿ ಅಲ್ಲಿ, ಸಾಹೇಬರ ಹದಿನಾರನ್ನೋ, ನಮ್ಮ ಹದಿನಾಲ್ಕನ್ನೋ? ಕಾಕುವಿನ ತೊಡೆಯ ಮೇಲೆ ತಲೆಯಿಟ್ಟು ಅತ್ತು, ಉತ್ತರ ಹೇಳದೆ ಎದ್ದು ಬಂದೆ.

ಈಗ ನಿನ್ನೆಯದು ಕೇಳಿ. ಇಲ್ಲಿ ಉದಗೀರದಲ್ಲಿ ನಮಗೆ ಗಣಿತ ಹೇಳಿಕೊಡುವವರು ಯಾರು ಗೊತ್ತೇ? ಅದೇ ಸಾಹೇಬರು. ತಪಾಸಣೆಯ ಕೆಲಸ ಬಿಟ್ಟು ಪಾಠಕ್ಕೆ ಬಂದಿದ್ದಾರೆ, ಕೂದಲು ಬೆಳ್ಳಗಾಗಿದೆ. ಮೊದಲ ದಿನವೇ ಗುರುತು ಹಿಡಿದೆ. ಅವರಿಗೆ ನನ್ನ ಗುರುತು ಸಿಗಲಿಲ್ಲ, ನಾನೂ ಹೇಳಿಕೊಳ್ಳಲಿಲ್ಲ. ಎದುರಿಗೆ ಬಂದರೆ ಸೆರಗು ಹೊದ್ದುಕೊಂಡು ಆಚೆ ಸರಿಯುತ್ತಿದ್ದೆ. ಅವರ ಪಾಠ ಚೆನ್ನಾಗಿರುತ್ತಿತ್ತು, ಅದಕ್ಕೂ ನನಗೆ ಹೊಟ್ಟೆ ಉರಿಯುತ್ತಿತ್ತು.

ನಿನ್ನೆ, ಮಕ್ಕಳಿಗೆ ಸಂಖ್ಯೆಗಳ ಸಾಲು ಗುರುತಿಸಿ ಮುಂದುವರಿಸಲು ಕಲಿಸುವುದು ಹೇಗೆ ಎಂಬ ಪಾಠ. ಹಲಗೆಯ ಮೇಲೆ ಎರಡು, ನಾಲ್ಕು, ಎಂಟು ಬರೆದರು. ನಾನು ಬರೆಯುವುದನ್ನು ನಿಲ್ಲಿಸಿದೆ. ಅವರು ನಮ್ಮನ್ನು ಏನೂ ಕೇಳದೆ, ಒಂದು ಹಳೆಯ ಮಾತು ಹೇಳುತ್ತೇನೆ ಅಂದರು. ನಿಲಂಗಾದ ಕಡೆ ಒಬ್ಬ ಮಾಸ್ತರರು ಇದ್ದರು, ಅವರ ಒಬ್ಬ ಹುಡುಗಿ ಇಲ್ಲಿ ಹದಿನಾಲ್ಕು ಅಂದಳು, ಮಾಸ್ತರರು ಅದನ್ನು ಸರಿ ಅಂದರು. ಮಾಸ್ತರರು ಉರ್ದುವಿನಲ್ಲಿ ಮಾತಾಡಿದರು, ತಪಾಸಣೆಗೆ ಹೋಗಿದ್ದ ನನಗೆ ತಲೆ ಸುಟ್ಟುಹೋಯಿತು, ನಮ್ಮ ಮನೆಗೆ ಬೆಂಕಿ ಹಚ್ಚಿದ ರಜಾಕಾರರೂ ಅದೇ ಮಾತಿನಲ್ಲಿ ಕೂಗಿದ್ದರು. ಮಾಸ್ತರರು ಹೇಳಿದ ಲೆಕ್ಕ ನನಗೆ ಕೇಳಿಸಲೇ ಇಲ್ಲ, ಭಾಷೆಯೊಂದೇ ಕೇಳಿಸಿತು. ವರದಿ ಬರೆದು ಕಳಿಸಿದೆ. ಮರುದಿನ ಬಸ್ಸಿನಲ್ಲಿ ಕೂತಾಗ ಆ ಹದಿನಾಲ್ಕು ಹೊಳೆಯಿತು. ಮಾಸ್ತರರು ಸರಿಯಿದ್ದರು. ಬರೆದದ್ದನ್ನು ಹಿಂದಕ್ಕೆ ತೆಗೆದುಕೊಂಡರೆ ಮೇಲಿನವರು ನಗುತ್ತಾರೆ ಎಂದು ಸುಮ್ಮನಾದೆ. ಇದನ್ನೆಲ್ಲ ಅವರು ನಮ್ಮ ಕಡೆ ನೋಡದೆ, ಹಲಗೆಯ ಕಡೆ ಮುಖ ಮಾಡಿ ಹೇಳಿದರು. ಆಮೇಲೆ ಎಂಟರ ಮುಂದೆ ಹದಿನಾಲ್ಕು ಬರೆದು, ಇನ್ನು ಮುಂದೆ ಯಾರು ನಡೆಸುತ್ತೀರಿ ಎಂದು ಕೇಳಿದರು.

ನಾನು ಎದ್ದೆ. "ಬಾವೀಸ," ಅಂದೆ, ಇಪ್ಪತ್ತೆರಡು. ಅದರ ಮುಂದೆ ಅಂದರು. "ಬತ್ತೀಸ," ಅಂದೆ, ಮೂವತ್ತೆರಡು. ಎರಡು ಹೆಜ್ಜೆ ಆಯಿತಲ್ಲ ಮಾಸ್ತರ. ಇಷ್ಟು ಬೇಗ ಹೇಗೆ ಬಂತು, ಯಾರ ಕೈಯಲ್ಲಿ ಕಲಿತೆ ಅಂದರು. ನಿಮ್ಮ ಹೆಸರು ಹೇಳಿದೆ. ಪೂರ್ತಿ ಹೆಸರು, ಊರಿನ ಸಮೇತ. ಆ ಹುಡುಗಿ ನಾನೇ ಎಂದು ಸಾಹೇಬರಿಗೆ ಆಗ ಗುರುತು ಸಿಕ್ಕಿತು. ಈಗ ಎಲ್ಲಿದ್ದಾರೆ, ಒಂದು ಕಾಗದ ಬರೆಯುತ್ತೇನೆ ಅಂದರು. ತೀರಿಕೊಂಡರು ಅಂದೆ. ಸೀಮೆಸುಣ್ಣ ಕೈಯಲ್ಲೇ ಇತ್ತು, ಹಾಗೇ ಕುರ್ಚಿಯಲ್ಲಿ ಕೂತರು.

"ತೇ ಬರೋಬರ ಹೋತೇ," ಅಂದರು. ಅವರು ಸರಿ ಇದ್ದರು. ಮತ್ತೊಮ್ಮೆ ಅದನ್ನೇ ಅಂದರು.

ರೂಮಿಗೆ ಬಂದು ಎರಡೂ ಸಾಲನ್ನು ಒಂದರ ಕೆಳಗೆ ಒಂದು ಬರೆದು ನೋಡಿದೆ. ಸಾಹೇಬರ ಸಾಲು ಹದಿನಾರು ದಾಟಿ ಮೂವತ್ತೆರಡಕ್ಕೆ ಹೋಗುತ್ತದೆ. ನಮ್ಮದು ಹದಿನಾಲ್ಕು, ಇಪ್ಪತ್ತೆರಡು ದಾಟಿ ಅದೇ ಮೂವತ್ತೆರಡಕ್ಕೆ ಹೋಗುತ್ತದೆ, ಒಂದು ಜಾಗ ತಡವಾಗಿ. ಇದನ್ನು ನೀವು ನೋಡಿದ್ದರೆ ತರಗತಿಯಲ್ಲೇ ಚಪ್ಪಾಳೆ ತಟ್ಟುತ್ತಿದ್ದಿರಿ. ನನಗೆ ಮಾತ್ರ ತಡವಾದ ಆ ಒಂದು ಜಾಗವೇ, ನೀವಿಲ್ಲದ ಈ ಒಂದು ವರ್ಷದ ಹಾಗೆ, ಕಣ್ಣಿಗೆ ಚುಚ್ಚಿತು.

ಸಾಹೇಬರ ಮೇಲಿನ ಸಿಟ್ಟು ಹೋಯಿತೇ ಅಂತ ಕೇಳಬೇಡಿ. ನೀವಾಗಿದ್ದರೆ ಅವರ ತಪ್ಪನ್ನೂ ಒರೆಸುತ್ತಿರಲಿಲ್ಲ, ಇದು ಯಾರ ಹೊಲದ ಸಾಲು ಅಂತ ಕೇಳುತ್ತಿದ್ದಿರಿ. ನಾನೂ ಕೇಳಿ ನೋಡಿದೆ. ಸುಟ್ಟ ಮನೆಯಿಂದ ಹೊರಟ ಸಾಲು ಅದು, ಅಷ್ಟು ಕಾಣುತ್ತದೆ. ಅಲ್ಲಿಂದ ಮುಂದೆ ಎರಡು ಹೆಜ್ಜೆ ನಡೆಸಲು ನನಗೆ ಇನ್ನೂ ಬಂದಿಲ್ಲ. ಒರೆಸಿಯೂ ಇಲ್ಲ.

ಟ್ರೇನಿಂಗ್ ಮುಗಿದ ಮೇಲೆ ಉಮರ್ಗಾದಲ್ಲೇ ಕೆಲಸ ಸಿಗಬಹುದು ಅನ್ನುತ್ತಾರೆ. ಮೂರು ಸಂಖ್ಯೆ ಬರೆದು ನಾಲ್ಕನೆಯ ಜಾಗ ಖಾಲಿ ಬಿಡುತ್ತೇನೆ. ಪರೀಕ್ಷೆ ಮಾಡುವವರ ಹೊಲ ಯಾವುದು ಎಂದು ಗುರುತಿಸುವುದನ್ನೂ ಕಲಿಸುತ್ತೇನೆ, ನಿಮ್ಮ ಆ ಚಿಂತೆ ಸುಳ್ಳಲ್ಲ. ಮಕ್ಕಳು ಪೆಟ್ಟು ತಿನ್ನದ ಹಾಗೆ ನೋಡಿಕೊಳ್ಳುತ್ತೇನೆ.

ನೀವು ಕೇಳಿದ್ದಕ್ಕೆ ಉತ್ತರ ಇದು. ಇಲ್ಲ ಮಾಸ್ತರ, ನೀವು ನಮಗೆ ತಪ್ಪು ಕಲಿಸಲಿಲ್ಲ. ಇದನ್ನು ಪ್ರೀತಿಗೆ ಹೇಳುತ್ತಿಲ್ಲ. ಲೆಕ್ಕ ಮಾಡಿ ಹೇಳುತ್ತಿದ್ದೇನೆ.

ಬರುವ ಸೋಮವಾರ ರಜೆ ಇದೆ. ಮುರುಮದ ಬಸ್ಸು ಹಿಡಿದು ನೀಲಮ್ಮ ಕಾಕುವಿನ ಹತ್ತಿರ ಹೋಗುತ್ತೇನೆ. ಅವರ ಕೈ ಹಿಡಿದುಕೊಂಡು, ಎಂಟರ ಮುಂದೆ ಹದಿನಾಲ್ಕು ಬರುತ್ತದೆ ಕಾಕು ಎಂದು ಹೇಳುತ್ತೇನೆ.

ನಿಮ್ಮ ಮಾದೇವಿ